ಅಕ್ಕನ ಗುಳಿಗೆ ತಂಗಿಗೆ ಒಗ್ಗಲಿಲ್ಲ

ಸುರಪುರದ ಹತ್ತಿರದ ದೇವಾಪುರದ ದೇವಕಮ್ಮನಿಗೆ ಬೆಳಗಾದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಕೈಕೀಲುಗಳು ಬಾತು ಬಿಸಿಯಾಗಿರುತ್ತಿದ್ದವು. ಜೋಳದ ಹಿಟ್ಟು ನಾದುವ ಮಾತು ಹಾಗಿರಲಿ, ಎದ್ದು ತಾಸು ಹೊತ್ತು ನೀರಿನ ಚರಿಗೆ ಎತ್ತುವುದೂ ಕಷ್ಟ. ರೊಟ್ಟಿ ಬಡಿಯುವ ಕೆಲಸ ಗಂಡ ತಿಮ್ಮಣ್ಣನ ಪಾಲಿಗೆ ಬಂತು. ಅವನು ಬಡಿದ ರೊಟ್ಟಿಯ ಬಗ್ಗೆ ಏನೂ ಹೇಳದಿರುವುದೇ ಒಳ್ಳೆಯದು.

ಇದೇ ಕೀಲುಬೇನೆ ಅವಳ ಅಕ್ಕ ರತ್ನಾಬಾಯಿಗೂ ಇತ್ತು. ರತ್ನಾಬಾಯಿ ಯಾದಗಿರಿಯಲ್ಲಿ ಇರುವವಳು. ಡಾಕ್ಟರಿಗೆ ತೋರಿಸಿ, ವಾರಕ್ಕೊಮ್ಮೆ ನುಂಗುವ ಗುಳಿಗೆಯಿಂದ ಬಹಳಷ್ಟು ಸುಧಾರಿಸಿದ್ದಳು. ತಂಗಿಯ ಮೇಲೆ ಅವಳಿಗೆ ಜೀವ. ಸುರಪುರದ ಕಡೆ ಯಾರಾದರೂ ಹೊರಟರೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬುತ್ತಿ ಕಳಿಸುತ್ತಿದ್ದಳು. ಒಂದು ಸಲ ಬುತ್ತಿಯೊಳಗೆ ತನ್ನ ಗುಳಿಗೆಗಳನ್ನೂ ಇಟ್ಟು ಕಳಿಸಿದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಬೇನೆ ಒಂದೇ, ಔಷಧವೂ ಒಂದೇ ಎಂದು ಫೋನಿನಲ್ಲಿ ಧೈರ್ಯ ಹೇಳಿದಳು. ಅಕ್ಕ ಕಳಿಸಿದ ರೊಟ್ಟಿಯನ್ನು ಬೇಡ ಎನ್ನದವಳು ಗುಳಿಗೆಯನ್ನು ಬೇಡ ಎಂದಾಳೆಯೇ? ದೇವಕಮ್ಮ ವಾರಕ್ಕೊಮ್ಮೆ ತಪ್ಪದೆ ನುಂಗಿದಳು.

ಬೆರಳು ತುಸು ಸಡಿಲವಾದವು. ಆದರೆ ಹಸಿವು ಸತ್ತುಹೋಯಿತು. ಒಗ್ಗರಣೆಯ ವಾಸನೆ ಬಂದರೆ ವಾಕರಿಕೆ. ಕೆಲವು ವಾರಗಳಲ್ಲಿ ಕಣ್ಣು ಹಳದಿಯಾದವು. ಇದು ಕಾಮಣಿ, ಪಕ್ಕದೂರಿನಲ್ಲಿ ಸೊಪ್ಪಿನ ರಸ ಕೊಡುತ್ತಾರೆ ಎಂದು ತಿಮ್ಮಣ್ಣ ಹೊರಟು ನಿಂತ.

ಪಕ್ಕದ ಮನೆಯ ಅಂಜುಮ್ ಸುರಪುರದ ಆಸ್ಪತ್ರೆಯಲ್ಲಿ ನರ್ಸ್. ಅವಳು ಬಂದವಳೇ ದೇವಕಮ್ಮನ ಕಣ್ಣು ನೋಡಿ, ಈಚೆಗೆ ಏನೇನು ನುಂಗಿದೆ ಎಂದು ಕೇಳಿದಳು. ಗುಳಿಗೆ ನೋಡಿದ ಮೇಲೆ, ಇನ್ನೊಂದನ್ನೂ ಬಾಯಿಗೆ ಹಾಕಬೇಡ ಎಂದಳು. ತಿಮ್ಮಣ್ಣನಿಗೆ ಇದು ಅತಿಯಾಯಿತು ಅನ್ನಿಸಿತು.

"ಅಕ್ಕಗ ಹತ್ತಿದ ಗುಳಗಿ ತಂಗಿಗ್ಯಾಕ ಹತ್ತಂಗಿಲ್ಲ? ಇಬ್ಬರದೂ ಒಂದ ರಕ್ತ ಅದ."

"ಅಣ್ಣಾ, ಒಂದ ತಾಯಿ ಮಕ್ಕಳಾದ್ರೂ ಒಬ್ಬಾಕಿ ಅಪ್ಪನಂಗ ಇರ್ತಾಳ, ಒಬ್ಬಾಕಿ ಅವ್ವನಂಗ. ಹೊರಗ ಹೆಂಗೋ ಒಳಗೂ ಹಂಗ. ಇದು ಲಿವರ್ ನೋಡಿ ಕೊಡೂ ಗುಳಗಿ. ಆ ರಸ ಕುಡಿಸಿದ್ರ ಇನ್ನೂ ಕೆಟ್ಟೀತು. ದವಾಖಾನಿಗೆ ನಡೀರಿ."

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ, ನಿಮ್ಮ ತವರಿನಲ್ಲಿ ಯಾರಿಗಾದರೂ ಲಿವರ್ ಬೇನೆ ಇತ್ತೇ ಎಂದು ಕೇಳಿದರು. ದೇವಕಮ್ಮ ಇಲ್ಲ ಎಂದಳು. ತಿಮ್ಮಣ್ಣ ಗೋಡೆ ನೋಡಿದ. ಮತ್ತೊಮ್ಮೆ ಕೇಳಿದರೂ ಇಲ್ಲ ಎಂದಳು.

"ಸುಳ್ಳು ಹೇಳಬ್ಯಾಡ," ಅಂದ ತಿಮ್ಮಣ್ಣ. "ನಿಮ್ಮಪ್ಪಂದು ಹೇಳು."

ಆಗ ಹೇಳಿದಳು. ಅಪ್ಪ ಹೊಟ್ಟೆಯಲ್ಲಿ ನೀರು ತುಂಬಿ ತೀರಿಹೋಗಿದ್ದ. ಹೆಂಡ ಮುಟ್ಟಿದವನಲ್ಲ. ಆದರೂ ಊರೆಲ್ಲ, ಕದ್ದು ಕುಡಿಯುತ್ತಿದ್ದ ಎಂದು ಆಡಿಕೊಂಡಿತು. ಅವ್ವ ತಲೆ ಎತ್ತಿ ತಿರುಗಲಿಲ್ಲ. ಅಂದಿನಿಂದ ಅಕ್ಕತಂಗಿಯರು, ಯಾರು ಕೇಳಿದರೂ ಅಪ್ಪ ಜ್ವರದಿಂದ ಹೋದ ಎಂದೇ ಹೇಳುತ್ತ ಬಂದಿದ್ದರು.

"ಅಪ್ಪ ಕುಡೀತಿದ್ದಿಲ್ರಿ. ಯಾರೂ ನಂಬಲಿಲ್ರಿ."

"ನಾ ನಂಬ್ತೀನಿ," ಎಂದರು ಡಾಕ್ಟರಮ್ಮ. "ಕುಡೀಲಾರದವರಿಗೂ ಲಿವರ್ ಕೆಡ್ತದವ್ವ."

ದೇವಕಮ್ಮ ಅಲ್ಲೇ ಸೆರಗು ಬಾಯಿಗಿಟ್ಟು ಅತ್ತಳು. ಇಷ್ಟು ವರ್ಷ ಯಾರೂ ಅವಳಿಗೆ ಈ ಮಾತು ಹೇಳಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಅಪ್ಪನನ್ನು ತಾವು ನೋಡಿಲ್ಲ, ಹಾಗಾಗಿ ಅವನ ಬೇನೆ ಇಂಥದೇ ಎನ್ನಲಾರರು. ಆದರೆ ಕೆಲವರಿಗೆ ಹುಟ್ಟಿನಿಂದಲೇ ಲಿವರಿನಲ್ಲಿ ಕೊಬ್ಬು ಕೂಡುವ ಗುಣ ಇರುತ್ತದೆ. ಮೈ ತೂಕ, ಸಕ್ಕರೆ ಕಾಯಿಲೆ ಸೇರಿದರೆ ಅದು ಹೆಚ್ಚುತ್ತದೆ. ದೇಹ ತನ್ನ ಕೀಲುಗಳ ಮೇಲೆ ತಾನೇ ತಿರುಗಿಬೀಳುವ ಈ ಕೀಲುಬೇನೆಯ ಗುಣವೂ ಮನೆತನದಲ್ಲಿ ಬರಬಹುದು. ಮಕ್ಕಳಿಗೆ ಅಪ್ಪನಿಂದ ಅರ್ಧ, ಅವ್ವನಿಂದ ಅರ್ಧ ಗುಣ ಬರುತ್ತವೆ. ಒಬ್ಬಳಿಗೆ ಬಂದ ಅರ್ಧವೇ ಇನ್ನೊಬ್ಬಳಿಗೂ ಬರಬೇಕೆಂದಿಲ್ಲ. ಗುಣ ಇದ್ದವರಿಗೆಲ್ಲ ಬೇನೆ ಬಂದೇ ಬರುತ್ತದೆ ಎಂದೂ ಅಲ್ಲ.

ದೇವಕಮ್ಮನ ಲಿವರಿನಲ್ಲಿ ಮೊದಲೇ ಕೊಬ್ಬು ಕೂಡಿತ್ತು. ಅದರ ಮೇಲೆ ಈ ಗುಳಿಗೆ ಬಿತ್ತು. ಇನ್ನಷ್ಟು ವಾರ ನುಂಗಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಎಂದರು ಡಾಕ್ಟರಮ್ಮ. ಸೊಪ್ಪಿನ ರಸದ ಮಾತು ತಿಮ್ಮಣ್ಣ ಮತ್ತೆ ಎತ್ತಲಿಲ್ಲ.

ಗುಳಿಗೆ ನಿಂತಿತು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದರು. ಕಣ್ಣಿನ ಹಳದಿ ನಿಧಾನವಾಗಿ ಇಳಿಯಿತು. ಲಿವರ್ ಸುಧಾರಿಸಿದ ಮೇಲೆ ಕೀಲಿಗೆ ಬೇರೆ ಔಷಧ ಶುರುವಾಯಿತು. ಅದರ ಜೊತೆಗೆ ಆಗಾಗ ರಕ್ತ ಪರೀಕ್ಷೆ.

ಸುದ್ದಿ ತಿಳಿದ ರತ್ನಾಬಾಯಿ ತನ್ನ ಗುಳಿಗೆಗಳನ್ನೆಲ್ಲ ಚರಂಡಿಗೆ ಚೆಲ್ಲಲು ಹೊರಟಳು. ಅಂಜುಮ್ ಫೋನಿನಲ್ಲೇ ತಡೆದಳು. ನಿಮಗೆ ಅದು ಒಗ್ಗಿದೆ, ಡಾಕ್ಟರು ರಕ್ತ ನೋಡುತ್ತ ಕೊಡುತ್ತಿದ್ದಾರೆ, ನೀವಾಗಿ ಬಿಟ್ಟರೆ ಕೀಲು ಹಾಳಾಗುತ್ತವೆ ಎಂದಳು. ಅಷ್ಟರಲ್ಲಿ ದೇವಕಮ್ಮ ಫೋನು ಇಸಿದುಕೊಂಡಳು.

"ಅಕ್ಕಾ, ನಿನ್ನ ಡಾಕ್ಟರಿಗೆ ಅಪ್ಪಂದು ಹೇಳಿಯೇನು?"

ತಾನೂ ಜ್ವರ ಎಂದೇ ಬರೆಸಿದ್ದೇನೆ ಎಂದು ರತ್ನಾಬಾಯಿ ಒಪ್ಪಿಕೊಂಡಳು.

"ನಾಳಿ ಹೋಗಿ ಖರೇ ಹೇಳು. ಅಪ್ಪ ಏನೂ ತಪ್ಪು ಮಾಡಿಲ್ಲ. ಡಾಕ್ಟರಿಗೆ ಕೇಳಲಾರದ ಗುಳಗಿ ನುಂಗಿ, ಅಪ್ಪಂದೂ ಮುಚ್ಚಿಟ್ಟು ನಾ ಸಾಯಾಕ ಹೋಗಿದ್ದೆ. ನೀ ಹಂಗ ಮಾಡಬ್ಯಾಡ."

ಮರುದಿನ ರತ್ನಾಬಾಯಿ ಡಾಕ್ಟರ ಮುಂದೆ ಕುಳಿತು ಅಪ್ಪನ ಹೆಸರು ಹೇಳಿ, ಅವನ ಬೇನೆಯನ್ನೂ ಹೇಳಿದಳು. ಅವಳ ಲಿವರಿನ ಸ್ಕ್ಯಾನ್ ಕೂಡ ಆಯಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೆಳಿಗ್ಗೆ ತಾಸುಗಟ್ಟಲೆ ಕೀಲು ಬಿಗಿದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಬಾತರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒಡಹುಟ್ಟಿದವರ ಗುಳಿಗೆಯನ್ನೂ ನುಂಗಬೇಡಿ, ನಿಮ್ಮದನ್ನು ಯಾರಿಗೂ ಕೊಡಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಯಾರು ಯಾವ ಬೇನೆಯಿಂದ ಹೋದರು ಎಂದು ಕೇಳಿ ತಿಳಿದುಕೊಳ್ಳಿ. ಊರು ಏನು ಅಂದಿತ್ತೋ ಅದನ್ನು ಬಿಡಿ. ಇದ್ದದ್ದನ್ನು ಇದ್ದಂತೆ ಡಾಕ್ಟರಿಗೆ ಹೇಳಿ.