ಕಂಬಳಿಯೊಳಗಿನ ಕೈ

"ಅಂಗಾರೆ ಫೋನ್ನಲ್ಲಿ ಕಂಬಳಿ ಹೊದ್ಕಂಡು ಮಲಗಿದ್ದೋರು ಯಾರು?"

ಸೌಜನ್ಯ ಬೆನ್ನಿನ ಚೀಲವನ್ನೂ ಇಳಿಸಿರಲಿಲ್ಲ. ಗೋಡೆಯಲ್ಲಿ ಸುಬ್ಬಮ್ಮಜ್ಜಿಯ ಫೋಟೋ, ಅದಕ್ಕೊಂದು ಒಣಗಿದ ಹಾರ. ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅಪ್ಪ ರಂಗಸ್ವಾಮಿ ಅದನ್ನು ಬಾಯಿಬಿಟ್ಟು ಹೇಳಿದ್ದು ಮಗಳನ್ನು ಕರೆತರುತ್ತ ಅರಕಲಗೂಡು ದಾಟಿ, ಮನೆ ಇನ್ನೇನು ಬಂತು ಎನ್ನುವಾಗ.

"ಪರೀಕ್ಸೆ ಕೆಡ್ತದೆ ಅಂತ ಏಳ್ನಿಲ್ಲ ಕಣವ್ವ," ಎಂದ ರಂಗಸ್ವಾಮಿ. "ಅಷ್ಟು ದೂರದಿಂದ ಬಂದು ನೀನಾದ್ರೂ ಏನ್ ಮಾಡ್ತಿದ್ದೆ?"

"ಬಾಯಿಗೆ ಅಕ್ಕಿ ಹಾಕ್ತಿದ್ದೆ. ಮಲಗಿದ್ದೋರು ಯಾರು ಅಂತ ಕೇಳ್ದೆ."

ಸೋದರತ್ತೆ ಅನಸೂಯಮ್ಮ ಮಂಚದ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು. "ನಾನೇ," ಎಂದಳು.

ಸೌಜನ್ಯಳ ಮೈಯೆಲ್ಲ ಉರಿದುಹೋಯಿತು. ಓದಲು ಹೋಗಿದ್ದ ಪ್ರಾಗ್ ನಗರದ ಆ ಹಾಸ್ಟೆಲ್ ಕೋಣೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ತಣ್ಣನೆಯ ಬ್ರೆಡ್ಡು, ಟ್ರಾಮಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಬಂದು ಕೂರದ ಜನ. ಹೋದ ತಿಂಗಳು ಒಂದು ಭಾನುವಾರ ತಡೆಯಲಾರದೆ ಮನೆಗೆ ವಿಡಿಯೋ ಕಾಲ್ ಮಾಡಿದ್ದಳು. ಅಜ್ಜಿಗೆ ಗಂಟಲು ಕಟ್ಟಿದೆ, ಮಾತಾಡಲ್ಲ ಎಂದು ಅವ್ವ ಫೋನನ್ನು ಮಂಚದ ಕಡೆ ತಿರುಗಿಸಿದ್ದಳು. ಆ ಕರಿಕಂಬಳಿಯ ಮುಂದೆ ಸೌಜನ್ಯ ಯಾರಿಗೂ ಹೇಳದ್ದನ್ನೆಲ್ಲ ಹೇಳಿ ಅತ್ತಳು. "ಬಂದ್ಬುಡ್ಲಾ ಅಜ್ಜಿ?" ಎಂದು ಕೇಳಿದಾಗ ಕಂಬಳಿಯೊಳಗಿಂದ ಕೈಯೊಂದು ಹೊರಬಂದು, ಬೇಡ ಎಂದು ಆಡಿತು. ಆ ಕೈಯನ್ನು ನಂಬಿ ಹಲ್ಲುಕಚ್ಚಿ ಸೆಮಿಸ್ಟರ್ ಮುಗಿಸಿದ್ದಳು. ಅಜ್ಜಿಯ ಮಾತು ಉಳಿಸಿದೆ ಎಂದು ಅರಕಲಗೂಡಿನವರೆಗೂ ಬೀಗಿದ್ದಳು.

"ನಮ್ಮವ್ವ ಇದ್ದಿದ್ರೂ ಅಂಗೇ ಅಂತಿದ್ಲು ಕಣೇ," ಎಂದಳು ಅನಸೂಯಮ್ಮ.

"ಅದ್ನ ನಮ್ಮಜ್ಜಿ ಹೇಳ್ಬೇಕಿತ್ತು! ನೀನ್ಯಾರು ಹೇಳಕ್ಕೆ?"

ಅತ್ತೆ ಕೂತಿದ್ದೂ ಅಜ್ಜಿಯ ಅದೇ ಕಂಬಳಿಯ ಮೇಲೆ. ಸತ್ತವರ ಹೊದಿಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಜನವಲ್ಲ ಇವರು. ಹೆಣದ ಜೊತೆಗೇ ಕಳಿಸುತ್ತಾರೆ. ಫೋನಿಗೆ ತೋರಿಸಲೆಂದು ಇದೊಂದನ್ನು ಉಳಿಸಿಕೊಂಡಿದ್ದರು. ಎಂಥ ಬುದ್ಧಿವಂತರು! ಸೌಜನ್ಯ ಅದನ್ನು ಎಳೆದ ರಭಸಕ್ಕೆ ಅನಸೂಯಮ್ಮ ಗಾಬರಿಯಿಂದ ಎದ್ದು ನಿಂತಳು.

"ಯಾರಾದ್ರೂ ಹಿಂದೆ ಬಂದ್ರೆ ನೋಡಿ!" ಎಂದು ಸೌಜನ್ಯ ಕಂಬಳಿ ಹೆಗಲಿಗೆ ಹಾಕಿ ಹೊಲದ ಕಡೆ ಹೊರಟಳು.

ಶುಂಠಿ ಕಿತ್ತ ಹೊಲದ ಬದುವಿನ ಪಕ್ಕ ಅಜ್ಜಿಯನ್ನು ಮಣ್ಣು ಮಾಡಿದ್ದರು. ಗುಡ್ಡೆ ಆಗಲೇ ಕುಸಿದು ಗರಿಕೆ ಎದ್ದಿತ್ತು. ಸೌಜನ್ಯ ಅದರ ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಹಾರದಂತೆ ಅಂಚಿಗೆಲ್ಲ ಮಣ್ಣಿನ ಹೆಂಟೆ ಇಟ್ಟಳು. ಆಮೇಲೆ ತಲೆಯ ಕಡೆ ಕುಕ್ಕರುಗಾಲಲ್ಲಿ ಕೂತಳು.

"ಬಂದ್ಬುಡ್ಲಾ ಅಜ್ಜಿ?" ಎಂದು ಈ ಸಲ ಅಜ್ಜಿಯನ್ನೇ ಕೇಳಿದಳು.

ಕಂಬಳಿಯನ್ನೇ ನೋಡುತ್ತ ಕಾದಳು.