ಮುಚ್ಚಳ ಯಾವುದು?

ಹಾಸ್ಟೆಲಿನ ಅಡುಗೆಯವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೂರು ಜನರ ಸೂಪಿಗೆ ಉಪ್ಪೆಷ್ಟು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದ. ಅವನ ತಲೆಗೆ ಹತ್ತದಿದ್ದದ್ದು ಒಂದೇ, ಒಂದು ಸಾಮಾನು ಮುಗಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂಬ ಮಾತು. ಅದನ್ನು ಸುಳ್ಳು ಮಾಡುವುದೇ ಅವನ ಕಸುಬಾಗಿತ್ತು. ಆಲೂಗಡ್ಡೆ ಸಾಲದೇ, ಕ್ಯಾರೆಟ್ಟು ಹಾಕು. ಕ್ಯಾರೆಟ್ಟೂ ಸಾಲದೇ, ನೀರು ಹಾಕು.

ಈಗ ಆ ನಂಬಿಕೆಯೇ ಅವನ ಕುತ್ತಿಗೆಗೆ ಬಂದಿತ್ತು. ಅಡುಗೆಮನೆಗೊಬ್ಬ ಸೂಪರ್‌ವೈಸರ್ ಬೇಕು, ಅವನು ಹತ್ತನೆಯ ತರಗತಿ ಪಾಸಾಗಿರಬೇಕು ಎಂದು ಆಡಳಿತದವರು ಹೊಸ ನಿಯಮ ತಂದಿದ್ದರು. ಅಡುಗೆಯವನು ಎಂದೋ ಉಳಿದೆಲ್ಲ ವಿಷಯ ಪಾಸು ಮಾಡಿ ವಿಜ್ಞಾನದಲ್ಲಿ ಡುಮ್ಕಿ ಹೊಡೆದಿದ್ದ. ಈ ಸಲವೂ ಡುಮ್ಕಿ ಹೊಡೆದರೆ ಆ ಕುರ್ಚಿಗೆ ವಾರ್ಡನ್ನರ ಭಾವಮೈದುನ ಬಂದು ಕೂರುತ್ತಾನೆ. ಅವನ ಬಳಿ ಸರ್ಟಿಫಿಕೇಟು ಇದ್ದದ್ದು ನಿಜ, ಆದರೆ ಬರೀ ನೀರು ಕಾಯಿಸಲು ಇಟ್ಟರೂ ತಳ ಹಿಡಿಸುವ ಮಹಾನುಭಾವ. ಅಂಥವನು ತನ್ನ ಪಾತ್ರೆಗಳಲ್ಲಿ ಮೂಗು ತೂರಿಸುವುದನ್ನು ನೆನೆದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅಡುಗೆಯವನು ಹೇಳಿಕೊಳ್ಳುತ್ತಿದ್ದ. ಸಂಜೆ ಮನೆಗೆ ಬಂದರೆ ಮಾತ್ರ ತುತ್ತುಗಳು ಸಾಲುಗಟ್ಟಿ ಇಳಿಯುತ್ತಿದ್ದವು.

"ಅಷ್ಟು ದೊಡ್ಡ ಅಡುಗೆಮನೇಲಿದ್ದು ಖಾಲಿ ಹೊಟ್ಟೇಲಿ ಬರೋರನ್ನ ನಾನೆಲ್ಲೂ ನೋಡಿಲ್ಲ" ಎಂದು ಹೆಂಡತಿ ಗೊಣಗುತ್ತಲೇ ಬಡಿಸುತ್ತಿದ್ದಳು.

ಪಾಠ ಹೇಳುವ ಹೊಣೆ ಸೊಸೆಯ ತಲೆಗೆ ಬಂತು. ಹಾಸ್ಟೆಲಿನ ಪಕ್ಕದ ಶಾಲೆಯಲ್ಲೇ ಅವಳು ರಸಾಯನಶಾಸ್ತ್ರದ ಟೀಚರು. ಮನೆಗೆ ಹೊಸಬಳು, ಬೆಳಿಗ್ಗೆ ಮನೆಯಲ್ಲಿ ಮಾವನೇ ಮಾಡುತ್ತಿದ್ದ ಅಡುಗೆಯಲ್ಲಿ ಉಪ್ಪು ಕಡಿಮೆಯಾದರೂ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಅಂಥವಳು ಈಗ ಮಾವನ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಗೀಟು ಹಾಕಬೇಕಾಗಿತ್ತು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ತರಕಾರಿ ಹೆಚ್ಚುವ ಮೇಜಿನ ಮೇಲೆ ಪಾಠ ಶುರುವಾಯಿತು.

"ಹತ್ತು ಗ್ರಾಂ ಹೈಡ್ರೋಜನ್, ಅರವತ್ನಾಲ್ಕು ಗ್ರಾಂ ಆಕ್ಸಿಜನ್. ಎಷ್ಟು ನೀರು ಬರುತ್ತೆ ಮಾವ?"

"ಎಪ್ಪತ್ನಾಲ್ಕು. ಎರಡನ್ನೂ ಹಾಕಿದ್ಮೇಲೆ ಎರಡೂ ಸೇರಿ ಬರ್ಬೇಕಲ್ಲಮ್ಮ."

"ಒಂದು ಗ್ರಾಂ ಹೈಡ್ರೋಜನ್‌ಗೆ ಎಂಟು ಗ್ರಾಂ ಆಕ್ಸಿಜನ್ ಬೇಕು. ಹತ್ತು ಗ್ರಾಂಗೆ ಎಂಬತ್ತು ಬೇಕಾಗುತ್ತೆ, ಅಷ್ಟು ಇಲ್ಲ. ಆಕ್ಸಿಜನ್ ಮೊದಲು ಮುಗಿಯುತ್ತೆ, ಅಲ್ಲಿಗೆ ಎಲ್ಲಾ ನಿಲ್ಲುತ್ತೆ."

"ಕಡಿಮೆ ಬಿದ್ರೆ ಸ್ವಲ್ಪ ನೀರು ಹಾಕಿದ್ರಾಯ್ತು."

"ಮಾವ, ನಾವು ಮಾಡ್ತಿರೋದೇ ನೀರು."

ಮರುದಿನ ಅವಳು ಅವನ ದಾರಿಗೇ ಬಂದಳು. ಇಪ್ಪತ್ತು ತುಂಡು ಬ್ರೆಡ್ಡು, ಐದು ತುಂಡು ಚೀಸು. ಎರಡು ಬ್ರೆಡ್ಡಿನ ನಡುವೆ ಒಂದು ಚೀಸು ಇಟ್ಟರೆ ಸ್ಯಾಂಡ್‌ವಿಚ್ ಎಷ್ಟು?

"ಹತ್ತು" ಎಂದ ಅಡುಗೆಯವನು.

"ಚೀಸು ಐದೇ ಇದೆ ಮಾವ."

"ತೆಳ್ಳಗೆ ಹೆಚ್ಚಿದ್ರೆ ಹತ್ತಾಗುತ್ತೆ. ಹುಡುಗರಿಗೆ ಗೊತ್ತೂ ಆಗಲ್ಲ."

ಸೊಸೆ ಮೇಜಿಗೆ ಹಣೆ ಹಚ್ಚಿ ಕುಳಿತಳು. ಪಾಪ, ಅವಳ ತಪ್ಪೇನಿದೆ. ತಲೆ ಎತ್ತಿದಾಗ ಎದುರಿನ ಕಪಾಟಿನಲ್ಲಿ ಊಟದ ಡಬ್ಬಿಗಳು ಕಂಡವು.

"ಅವು ಎಷ್ಟಿವೆ ಮಾವ?"

"ಮೂವತ್ತು."

"ಮುಚ್ಚಳ?"

ಅಡುಗೆಯವನ ಮುಖ ಕಪ್ಪಿಟ್ಟಿತು. ಅವಳು ಹುಣ್ಣಿಗೇ ಕೈ ಹಾಕಿದ್ದಳು. ಹೊರಗೆ ಊಟ ಒಯ್ಯುವ ಹುಡುಗರು ಡಬ್ಬಿ ವಾಪಸು ತಂದರೂ ಮುಚ್ಚಳ ತರುತ್ತಿರಲಿಲ್ಲ. "ಇಪ್ಪತ್ತು" ಎಂದ.

"ಹಾಗಾದ್ರೆ ಎಷ್ಟು ಊಟ ಕಟ್ಟಿ ಕಳಿಸ್ತೀರಿ?"

ಅವನು ಒಂದು ಮುಚ್ಚಳ ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಮುಚ್ಚಳವನ್ನು ತೆಳ್ಳಗೆ ಹೆಚ್ಚಲು ಬರುವುದಿಲ್ಲ. ನೀರು ಹಾಕಿದರೆ ಹಿಗ್ಗುವುದಿಲ್ಲ. "ಇಪ್ಪತ್ತೇ. ಉಳಿದ ಹತ್ತು ಡಬ್ಬಿ ಬಾಯಿ ತೆರ್ಕೊಂಡು ಕೂತಿರ್ತವೆ" ಎಂದ, ಸೋತ ದನಿಯಲ್ಲಿ. ಆಮೇಲೆ ನಿಧಾನವಾಗಿ ಕೇಳಿದ, "ಅಂದ್ರೆ ಅವತ್ತಿನ ಲೆಕ್ಕದಲ್ಲಿ ಆಕ್ಸಿಜನ್ನೇ ಮುಚ್ಚಳ?"

ಅಲ್ಲಿಂದ ಗಾಡಿ ಹಳಿಗೆ ಬಂತು. ಯಾವ ಲೆಕ್ಕ ಕೊಟ್ಟರೂ "ಇದರಲ್ಲಿ ಮುಚ್ಚಳ ಯಾವುದು" ಎಂದೇ ಶುರುಮಾಡುತ್ತಿದ್ದ. ಅರವತ್ತನಾಲ್ಕು ಗ್ರಾಂ ಆಕ್ಸಿಜನ್ ಎಂಟೇ ಗ್ರಾಂ ಹೈಡ್ರೋಜನನ್ನು ಹಿಡಿಯಿತು, ಎಪ್ಪತ್ತೆರಡು ಗ್ರಾಂ ನೀರಾಯಿತು, ಎರಡು ಗ್ರಾಂ ಹೈಡ್ರೋಜನ್ ಉಳಿಯಿತು. ಎಪ್ಪತ್ತೆರಡಕ್ಕೆ ಎರಡು ಕೂಡಿದವನೇ ಅವನು ತೊಡೆ ತಟ್ಟಿದ. "ಎಪ್ಪತ್ನಾಲ್ಕು. ನಾನು ಮೊದಲೇ ಹೇಳ್ಲಿಲ್ವಾ, ಏನೂ ಎಲ್ಲೂ ಹೋಗಲ್ಲ ಅಂತ."

"ಅದೂ ನಿಜ ಮಾವ" ಎಂದು ಸೊಸೆ ಒಪ್ಪಲೇಬೇಕಾಯಿತು.

ಪರೀಕ್ಷೆಯಲ್ಲಿ ಬಂದದ್ದು ಕಬ್ಬಿಣ ಮತ್ತು ಗಂಧಕ. ಐವತ್ತಾರು ಗ್ರಾಂ ಕಬ್ಬಿಣಕ್ಕೆ ಮೂವತ್ತೆರಡು ಗ್ರಾಂ ಗಂಧಕ ಸಾಕು, ಕೊಟ್ಟದ್ದು ನಲವತ್ತು. ಕಬ್ಬಿಣವೇ ಮುಚ್ಚಳ. ಎಂಬತ್ತೆಂಟು ಗ್ರಾಂ ಎಂದು ಬರೆದು ಗೀಟು ಎಳೆದ. ಆದರೆ ಉಳಿದದ್ದನ್ನು ಹಾಗೇ ಬಿಟ್ಟು ಏಳಲು ಮನಸ್ಸು ಬರಲಿಲ್ಲ.

"ಎಂಬತ್ತೆಂಟು ಸರಿ" ಎಂದಳು ಸೊಸೆ, ಅವನು ಹೊರಗೆ ಬಂದು ಹೇಳಿದಾಗ.

"ಕೆಳಗೆ ಒಂದು ಸಾಲು ಜಾಸ್ತಿ ಬರ್ದಿದೀನಮ್ಮ. ಉಳಿದ ಎಂಟು ಗ್ರಾಂ ಗಂಧಕ ಚೆನ್ನಾಗಿದೆ, ಬಿಸಾಡ್ಬೇಡಿ, ಮುಚ್ಚಿಡಿ ಅಂತ."

ಪರೀಕ್ಷಕರು ಏನಂದುಕೊಂಡರೋ, ಅಡುಗೆಯವನು ಬಾಗಿಲ ಸಂದಿಯಲ್ಲಿ ನುಸುಳಿದ ಹಾಗೆ ಪಾಸಾದ. ಭಾವಮೈದುನನೂ ಬರಿಗೈಯಲ್ಲಿ ಹೋಗಲಿಲ್ಲ, ಅವನ ಕೈಗೆ ಸೂಪಿನ ಸೌಟು ಬಂತು.

ಸೂಪರ್‌ವೈಸರ್ ಆದ ಮೊದಲ ದಿನವೇ ಪಕ್ಕದ ಹಾಸ್ಟೆಲಿನ ಒಲೆ ಕೆಟ್ಟು, ಅಲ್ಲಿನ ಹುಡುಗರೂ ಇಲ್ಲಿಗೇ ಬಂದರು. ಭಾವಮೈದುನ ಪಾತ್ರೆಯೊಳಗೆ ಇಣುಕಿ ಬೆವರಿದ. "ಸೂಪು ಸಾಲಲ್ಲ ಸಾರ್, ಏನ್ ಮಾಡ್ಲಿ?"

"ನೀರು ಹಾಕು. ಇದು ಪರೀಕ್ಷೆ ಅಲ್ಲ, ಊಟ."

ಎಲ್ಲರಿಗೂ ಸೂಪು ಸಿಕ್ಕಿತು. ಮಾವನನ್ನು ಹೊಸ ಕುರ್ಚಿಯಲ್ಲಿ ನೋಡಲೆಂದು ಶಾಲೆಯಿಂದ ಬಂದಿದ್ದ ಸೊಸೆ, ಬಳಿದಿಟ್ಟ ಪಾತ್ರೆ ನೋಡಿದಳು, ಖಾಲಿ ಕುರ್ಚಿ ನೋಡಿದಳು.

"ನಿಮ್ಮ ಬಟ್ಟಲು ಎಲ್ಲಿ ಮಾವ?"

"ಮನೇಲಿ ಉಣ್ತೀನಿ ಬಿಡಮ್ಮ."

"ದಿನಾ ಹೀಗೇನಾ?"

"ಕಡಿಮೆ ಬಿದ್ದ ದಿನ ಮಾತ್ರ."

"ಕಡಿಮೆ ಬೀಳದ ದಿನ ಯಾವುದು?"

ಅವನು ಆಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸುತ್ತ ಯೋಚಿಸಿದ. ಅಂಥ ದಿನ ಒಂದೂ ನೆನಪಿಗೆ ಬರಲಿಲ್ಲ. ತಲೆ ನರೆತ ತನ್ನನ್ನು ಒಂದು ಮಗು ಕಳ್ಳತನ ಮಾಡುವಾಗ ಹಿಡಿದುಹಾಕಿದಂತೆ ಅವನಿಗೆ ನಾಚಿಕೆಯಾಯಿತು.

"ಇಲ್ಲಿ ಮೊದಲು ಮುಗೀತಿದ್ದದ್ದು ನಿಮ್ಮ ಪಾಲು" ಎಂದಳು ಸೊಸೆ. ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ದೊಡ್ಡ ಪಾಲನ್ನು ಮುಚ್ಚಳಕ್ಕೆ ಹಾಕಿ ಅವನ ಮುಂದೆ ತಳ್ಳಿದಳು.

ಅವನು ಮುಚ್ಚಳದಲ್ಲೇ ಉಂಡ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ, "ಉಪ್ಪು ಸ್ವಲ್ಪ ಕಡಿಮೆ ಆಗಿದೆಯಮ್ಮ."

"ಬೆಳಿಗ್ಗೆ ಅಡುಗೆ ಮಾಡಿದ್ದು ನೀವೇ ಮಾವ" ಎಂದಳು ಸೊಸೆ. "ಇಷ್ಟು ದಿನ ಹೇಳೋಕೆ ಧೈರ್ಯ ಇರ್ಲಿಲ್ಲ."