ಖಚಿತವಲ್ಲದ ಒಂದು ಓಟು

ವಿರೋಧ ಪಕ್ಷದ ಕಾರ್ಯಕರ್ತೆ ಮೌರೀನ್ ಟ್ಯಾಟರ್ಸಾಲ್ ತನ್ನ ಊರಿನಲ್ಲಿ ಪಕ್ಷ ಸತತವಾಗಿ ಮೂರು ಸಲ ಸೋತದ್ದನ್ನು ಕಂಡವಳು. ಮುಂದಿನ ಸಂಸತ್ ಚುನಾವಣೆಯಲ್ಲಿ ಗೆಲುವು ನಮ್ಮದೇ ಎಂದು ಪಕ್ಷದವರೆಲ್ಲ ಹಿಗ್ಗುತ್ತಿದ್ದರೂ ಅವಳ ಅಳುಕು ಹೋಗಿರಲಿಲ್ಲ. ಮತ ಕೇಳಲು ಮನೆಮನೆಗೆ ಹೋದಾಗ ಬಾಗಿಲು ತೆರೆದವರೆಲ್ಲ ನಗುತ್ತ "ನಿಮಗೇ ಹಾಕ್ತೀವಿ ಬಿಡಿ" ಎನ್ನುತ್ತಿದ್ದರು. ಹೋದ ಸಲವೂ ಹಾಗೇ ಅಂದಿದ್ದರು.

ಶನಿವಾರ ಮಧ್ಯಾಹ್ನ ಚಳಿಯಲ್ಲಿ ಅಲೆದು ಮನೆಗೆ ಬಂದಾಗ ಗಂಡ ಡೆರಿಕ್ ಚಹಾ ಮಾಡಿಟ್ಟಿದ್ದ. ಅವಳು ಮತದಾರರ ಪಟ್ಟಿ ಹರಡಿಕೊಂಡು ತಮ್ಮಿಬ್ಬರ ಹೆಸರಿನ ಮುಂದೆಯೂ 'ಖಚಿತ' ಎಂದು ಬರೆದಳು.

"ನಿನ್ನದೊಂದೇ ಬರ್ಕೋ," ಎಂದ ಡೆರಿಕ್.

"ತಮಾಷೆ ಸಾಕು ಮಾರಾಯ."

"ತಮಾಷೆ ಅಲ್ಲ. ಹೋದ ಸಲನೂ ನಿಮಗೆ ಹಾಕಿರ್ಲಿಲ್ಲ. ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ."

ಮೌರೀನ್ ಪೆನ್ನು ಕೆಳಗಿಟ್ಟಳು. ಮೂವತ್ತೆಂಟು ವರ್ಷ ಜೊತೆಗೆ ಬಾಳಿದವನೇ ಮುಚ್ಚಿಟ್ಟಿದ್ದರೆ, ಬಾಗಿಲಲ್ಲಿ ನಕ್ಕ ಆ ನಾನೂರು ಜನರ ಮನಸ್ಸಿನಲ್ಲಿ ಏನಿದೆಯೋ! ಸಿಟ್ಟಿನಿಂದ ಎದ್ದವಳು ಮತ್ತೆ ಕುಳಿತಳು.

"ಯಾಕೆ?"

"ನಮ್ಮ ಕಾರ್ಖಾನೆ ಮುಚ್ಚಿ ನನ್ನ ಕೆಲಸ ಹೋದಾಗ ನಿಮ್ಮ ಪಕ್ಷದೋರು ಒಬ್ರಾದ್ರೂ ಬಂದು ಹೇಗಿದೀಯ ಅಂದ್ರಾ?"

"ನಾನೂ ಕೇಳ್ಲಿಲ್ವಾ?"

"ನಿಂಗೆ ಅವತ್ತು ಪಕ್ಷದ ಮೀಟಿಂಗ್ ಇತ್ತು."

ಅವಳು ಮತ್ತೆ ಪೆನ್ನು ಎತ್ತಿಕೊಂಡಳು. ಅವನ ಹೆಸರಿನ ಮುಂದಿನದನ್ನು ಹೊಡೆದುಹಾಕಿ 'ಅನುಮಾನ' ಎಂದು ಬರೆದಳು. ಸಂಜೆ ಇನ್ನೂ ಒಂದು ಬೀದಿ ಬಾಕಿಯಿತ್ತು. ಬರುವುದಿಲ್ಲವೆಂದು ಜೊತೆಯವರಿಗೆ ಫೋನ್ ಮಾಡಿದಳು.

"ಈಗ ಹೇಳು, ಅವತ್ತೇನಾಯ್ತು?"

ಡೆರಿಕ್ ಮೆಲ್ಲಗೆ ಶುರು ಮಾಡಿದ. ಕತ್ತಲಾಗುವವರೆಗೂ ಹೇಳಿದ. ಓಟು ಯಾರಿಗೆಂದು ಮಾತ್ರ ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.